ಮುಜದ್ದರ: ಲೆಬನಾನಿನ ಒಂದು ಬಡವರ ಅಡಿಗೆ

ಅನ್ನವನ್ನು ನಿಂದಿಸಬಾರದೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ವ್ರತ. ಮೂವತ್ತನಾಲ್ಕು ವರುಷಗಳ ಕಾಲ ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸುತ್ತ ಈ ಮಾತನ್ನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆಯೋ ಲೆಕ್ಕವಿಲ್ಲ. ಹಾಗೆ ಹೇಳಿದ ನಾನೇ ನನ್ನ ಮನೆಯಲ್ಲಿ ಒಂದು ಧಾನ್ಯವನ್ನು ಅರುವತ್ತು ವರುಷ ಒಲೆಗೇರಿಸದೆ ಇದ್ದೆನೆಂಬುದನ್ನು ವಾಚಕರ ಮುಂದೆ ಮೊದಲಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಆ ಧಾನ್ಯವು ಮಸೂರ. ನಮ್ಮ ಕಡೆಯ ಅಂಗಡಿಗಳಲ್ಲಿ ಚನ್ನಂಗಿ ಎಂದು ಕರೆಯುವುದೂ ಇದನ್ನೇ. ಅದರೊಡನೆ ನನಗೆ ಸ್ನೇಹ ಬೆಳೆದುದು ನಮ್ಮ ಊರಾದ ಧಾರವಾಡದಲ್ಲಲ್ಲ, ಸಮುದ್ರದಾಚೆಯ ಶಾರ್ಜಾದಲ್ಲಿ. ಬೆಳೆಸಿದವರು ಲೆಬನಾನ್ ದೇಶದ ಒಬ್ಬ ವೃದ್ಧ ಮಾತೆ.

೨೦೨೫ರ ಮಾರ್ಚ್ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಮೊಮ್ಮಗುವನ್ನು ನೋಡುವುದಕ್ಕಾಗಿ ಶಾರ್ಜಾದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಪರದೇಶದಲ್ಲಿ ಶಾಕಾಹಾರಿಯ ಗತಿಯೇನೆಂದು ಹೊರಡುವ ಮುಂಚೆ ನಾನು ಬಹಳವಾಗಿ ಚಿಂತಿಸಿದ್ದುಂಟು. ಮಗನ ಪಕ್ಕದ ಮನೆಯಲ್ಲಿ ಲೆಬನಾನಿನ ಒಂದು ಕ್ರೈಸ್ತ ಕುಟುಂಬವಿತ್ತು. ನಾನು ಮಾಂಸವನ್ನು ಮುಟ್ಟದವನೆಂದು ಕೇಳಿ ಆ ಮನೆಯ ತಾಯಿ ನಕ್ಕರಂತೆ. ಅವರಿಗೂ ಆಗ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ. ಆ ದಿನಗಳಲ್ಲಿ ಅವರ ಸಂಪ್ರದಾಯಸ್ಥರು ಮಾಂಸವನ್ನು ಬಿಡುವುದಲ್ಲದೆ ಹಾಲು ಬೆಣ್ಣೆಗಳನ್ನೂ ಬಿಡುತ್ತಾರೆ. ಆದುದರಿಂದ ಅವರ ಒಲೆಯ ಮೇಲೆ ಆಗ ಇದ್ದುದೆಲ್ಲವೂ ನಾನು ಉಣ್ಣಬಹುದಾದ ಅಡಿಗೆಯೇ ಆಗಿತ್ತು. ಆ ಶುಕ್ರವಾರ ಮಧ್ಯಾಹ್ನ ಅವರು ಒಂದು ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡು ಬಂದರು.

ತಟ್ಟೆಯಲ್ಲಿದ್ದುದು ಕಂದುಗೆಂಪು ಬಣ್ಣದ, ಉದುರುದುರಾದ ಒಂದು ಧಾನ್ಯದನ್ನ. ಮೇಲೆ ಗರಿಗರಿಯಾಗಿ ಕರಿದ ಉಳ್ಳಾಗಡ್ಡಿಯ ಎಳೆಗಳು. ಪಕ್ಕದಲ್ಲಿ ನಿಂಬೆಯ ರಸ ಹಿಂಡಿದ ಹಸಿಯ ಎಲೆಕೋಸು. ಮೊದಲ ತುತ್ತಿಗೆ ನನಗೆ ತಿಳಿದುದು ಗೋಧಿಯ ರುಚಿ. ಎರಡನೆಯದಕ್ಕೆ, ಬಹಳ ಹೊತ್ತು ಹುರಿದ ಉಳ್ಳಾಗಡ್ಡಿಯ ಸಿಹಿ. ಮಸಾಲೆಯೆಂಬುದೇ ಇಲ್ಲ, ಆದರೂ ಸಪ್ಪೆಯಲ್ಲ. ನಡುನಡುವೆ ಸಿಕ್ಕುವ ಕಾಳು ಯಾವುದೆಂದು ಕೇಳಿದಾಗ ಸೊಸೆಯು "ಇಡೀ ಚನ್ನಂಗಿ ಮಾಂವಾರ" ಎಂದಳು. ನನ್ನ ಕೈ ಒಂದು ಕ್ಷಣ ನಿಂತಿತು. ಏಕೆಂಬುದನ್ನು ಮುಂದೆ ಹೇಳುತ್ತೇನೆ.

ಹೆಸರಿನ ವಿಚಾರ

ಈ ಅಡಿಗೆಗೆ ಅರಬ್ಬೀ ಭಾಷೆಯಲ್ಲಿ 'ಮುಜದ್ದರ' ಎಂದು ಹೆಸರು. ಹೆಸರಿನ ಅರ್ಥವನ್ನು ಕೇಳುವುದು ನನ್ನಂಥವರಿಗೆ ಹುಟ್ಟುಗುಣ. ಆ ತಾಯಿಯ ಮಗನು ನನ್ನ ಮಗನಿಗೆ ಇಂಗ್ಲಿಷಿನಲ್ಲಿ ಹೇಳಿ, ಅವನು ನನಗೆ ಕನ್ನಡದಲ್ಲಿ ಹೇಳಿದನು: ಅರಬ್ಬಿಯಲ್ಲಿ 'ಜುದರೀ' ಎಂದರೆ ಸಿಡುಬು, 'ಮುಜದ್ದರ' ಎಂದರೆ ಸಿಡುಬಿನ ಕಲೆಗಳುಳ್ಳದ್ದು. ಬೆಳ್ಳಗಿನ ಅನ್ನದ ನಡುವೆ ಕಪ್ಪಾದ ಕಾಳುಗಳು ಕಾಣಿಸುವುದರಿಂದ ಈ ಹೆಸರು ಬಂದಿತು.

ಇದನ್ನು ಕೇಳಿ ನಾನು ಬೆರಗಾದೆನು. ಏಕೆಂದರೆ ಸಂಸ್ಕೃತದಲ್ಲಿ ಸಿಡುಬಿನ ಹೆಸರೇ 'ಮಸೂರಿಕಾ'. ಮೈಮೇಲೆ ಏಳುವ ಬೊಕ್ಕೆಗಳು ಮಸೂರದ ಕಾಳಿನಂತಿರುವುದರಿಂದ ನಮ್ಮ ವೈದ್ಯರು ರೋಗಕ್ಕೆ ಕಾಳಿನ ಹೆಸರನ್ನಿಟ್ಟರು. ಸುಶ್ರುತಸಂಹಿತೆಯಲ್ಲಿ ಈ ರೋಗದ ಪ್ರಸ್ತಾಪವಿದೆ. ಮಾಧವನಿದಾನದಲ್ಲಿ ಇದಕ್ಕೆ ಬೇರೆಯೇ ಅಧ್ಯಾಯವಿದೆ. ಅಂದಮೇಲೆ ಇಲ್ಲಿ ಕಾಳಿನಿಂದ ರೋಗಕ್ಕೆ ಹೆಸರು, ಅಲ್ಲಿ ರೋಗದಿಂದ ಕಾಳಿನ ಅಡಿಗೆಗೆ ಹೆಸರು. ಎರಡು ಜನಾಂಗಗಳು ಒಂದೇ ಕಾಳನ್ನು ನೋಡಿ ಒಂದೇ ಉಪಮೆಯನ್ನು ಎರಡು ದಿಕ್ಕಿನಿಂದ ಕಂಡುಕೊಂಡವು. ಮೂರನೆಯದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ವಿಜ್ಞಾನದ ಪಾಠಗಳಲ್ಲಿ ಮಕ್ಕಳು ಓದುವ 'ಪೀನಮಸೂರ', 'ನಿಮ್ನಮಸೂರ'ಗಳೂ ಈ ಕಾಳಿನಿಂದ ಬಂದ ಹೆಸರುಗಳೇ. ಲ್ಯಾಟಿನ್ ಭಾಷೆಯಲ್ಲಿ 'ಲೆನ್ಸ್' ಎಂದರೆ ಮಸೂರದ ಕಾಳು. ಕಾಳಿನಂತೆ ಎರಡು ಕಡೆಯೂ ಉಬ್ಬಿದ ಗಾಜಿಗೆ ಪಾಶ್ಚಾತ್ಯರು ಆ ಹೆಸರನ್ನಿಟ್ಟರು. ನಾವು ಅದನ್ನು ಅರ್ಥವರಿತು ಕನ್ನಡಿಸಿಕೊಂಡೆವು. ಈ ಲೇಖನವನ್ನು ನಾನು ಬರೆಯುತ್ತಿರುವುದೂ ವಾಚಕರಲ್ಲಿ ಅನೇಕರು ಓದುವುದೂ ಮಸೂರದ ಮೂಲಕವೇ ಆಗಿದೆ.

ಇನ್ನು ನನ್ನ ಕೈ ನಿಂತುದೇಕೆಂಬ ವಿಷಯ. ನನ್ನ ತಾಯಿಗೆ ಎಳೆತನದಲ್ಲಿ ಸಿಡುಬು ಬಂದಿತ್ತು. ಜೀವ ಉಳಿಯಿತು, ಮುಖದ ತುಂಬ ಕಲೆಗಳೂ ಉಳಿದವು. ಮದುವೆಯ ಕಾಲದಲ್ಲಿ ಎರಡು ಮೂರು ಕಡೆಯವರು ಆ ಮುಖವನ್ನು ನೋಡಿ ಎದ್ದುಹೋದರೆಂದು ಅಜ್ಜಿ ಹೇಳುತ್ತಿದ್ದಳು. ಶ್ರಾದ್ಧದ ದಿನ ಮಸೂರವು ವರ್ಜ್ಯವೆಂಬ ಆಚಾರ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇತ್ತು. ನನ್ನ ತಾಯಿ ಅದನ್ನು ವರುಷದ ಎಲ್ಲ ದಿನಗಳಿಗೂ ವಿಸ್ತರಿಸಿದಳು. "ಆ ಕಾಳು ಕಂಡರ ನನ್ನ ಮಾರಿ ಕಂಡಾಂಗ ಆಗತದ" ಎಂದು ಒಮ್ಮೆ ಮಾತ್ರ ನನ್ನೆದುರಿಗೆ ಹೇಳಿದ್ದುಂಟು. ಅವಳು ತೀರಿಕೊಂಡು ಬಹುಕಾಲವಾದರೂ ನಾವು ಆ ಕಾಳನ್ನು ಮನೆಗೆ ತರಲಿಲ್ಲ. ನಿಷೇಧವು ಉಳಿದಿತ್ತು, ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಇದನ್ನು ನಾನು ಆ ವೃದ್ಧ ಮಾತೆಗೆ ಹೇಳಿಸಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಮ್ಮ ಭಾಷೆಯಲ್ಲಿ ಏನನ್ನೋ ಹೇಳಿದರು. ಅದು ಬಾಯಿಂದ ಬಾಯಿಗೆ ದಾಟಿ ನನ್ನ ಕಿವಿಗೆ ಮುಟ್ಟುವಾಗ ಹೀಗಿತ್ತು: "ಕಲೆ ಉಳಿದವರೆಂದರೆ ಬದುಕಿ ಉಳಿದವರು, ಉಸ್ತಾದರೇ. ನೀವು ಊಟ ಮಾಡಿರಿ." ಉಸ್ತಾದನೆಂದರೆ ಅವರಲ್ಲಿ ಉಪಾಧ್ಯಾಯ. ನಾನು ಊಟ ಮಾಡಿದೆನು. ಸಿಡುಬಿನ ಕೊನೆಯ ಪ್ರಕರಣವು ಭಾರತದಲ್ಲಿ ಕಂಡುಬಂದುದು ೧೯೭೫ರಲ್ಲಿ. ೧೯೮೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ರೋಗವು ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಸಾರಿತು. ರೋಗವೇ ಇಲ್ಲವಾದ ಮೇಲೆಯೂ ನಾವು ಕಾಳಿನ ಮೇಲಿನ ಮುನಿಸನ್ನು ಬಿಟ್ಟಿರಲಿಲ್ಲ.

ಗೋಧೂಮವೂ ಮಸೂರವೂ

ಮುಜದ್ದರವು ಹೊಸ ಅಡಿಗೆಯಲ್ಲ. ಬಾಗ್ದಾದಿನ ಅಲ್-ಬಾಗ್ದಾದಿ ಎಂಬವನು ೧೨೨೬ರಲ್ಲಿ ರಚಿಸಿದ 'ಕಿತಾಬ್ ಅಲ್-ತಬೀಖ್' ಎಂಬ ಪಾಕಶಾಸ್ತ್ರದಲ್ಲಿ ಇದರ ವಿಧಾನವಿದೆ. ಅಲ್ಲಿ ಅಕ್ಕಿ ಮಸೂರಗಳೊಡನೆ ಮಾಂಸವೂ ಸೇರಿತ್ತು. ಕಾಲಕ್ರಮದಲ್ಲಿ ಮಾಂಸವು ಬಿಟ್ಟುಹೋಗಿ, ಇದು ಬಡವರ ಊಟವೆಂದೂ ವ್ರತದ ಊಟವೆಂದೂ ಹೆಸರಾಯಿತು. ಲೆಬನಾನಿನಲ್ಲಿಯೇ ಇದಕ್ಕೆ ಹಲವು ರೂಪಗಳುಂಟು. ಕೆಲವು ಕಡೆ ಅಕ್ಕಿ ಮಸೂರಗಳನ್ನು ಬೇಯಿಸಿ ನುಣ್ಣಗೆ ಮಸೆಯುತ್ತಾರೆ. ಕೆಲವು ಕಡೆ ಕಾಳನ್ನು ಇಡಿಯಾಗಿಯೇ ಉಳಿಸುತ್ತಾರೆ. ದೇಶದ ದಕ್ಷಿಣಭಾಗದ ಹಳ್ಳಿಗಳಲ್ಲಿ ಅಕ್ಕಿಗೆ ಬದಲಾಗಿ 'ಬುರ್ಗುಲ್' ಎಂಬ ಗೋಧಿಯ ನುಚ್ಚನ್ನು ಹಾಕಿ, ಉಳ್ಳಾಗಡ್ಡಿಯನ್ನು ಕಂದಾಗುವ ತನಕ ಹುರಿದು, ಆ ಬಣ್ಣದಲ್ಲಿಯೇ ಎಲ್ಲವನ್ನೂ ಬೇಯಿಸುವರು. ಅದಕ್ಕೆ 'ಮುಜದ್ದರ ಹಮ್ರಾ', ಎಂದರೆ ಕೆಂಪು ಮುಜದ್ದರ, ಎಂದು ಹೆಸರು. ಆ ತಾಯಿ ದಕ್ಷಿಣದವರು. ನಾನು ಉಂಡುದು ಇದನ್ನೇ.

ಆ ರಾತ್ರಿ ಮಲಗಿದಾಗ ನನಗೆ ಚಮಕದ ನೆನಪಾಯಿತು. ಉಪನಯನವಾದಂದಿನಿಂದ ನಾನು ಪಠಿಸುತ್ತ ಬಂದಿರುವ ಆ ಮಂತ್ರಭಾಗದ ನಾಲ್ಕನೆಯ ಅನುವಾಕದಲ್ಲಿ ಯಜಮಾನನು ದೇವರಲ್ಲಿ ಬತ್ತ, ಜವೆ, ಉದ್ದು, ಎಳ್ಳು, ಹೆಸರು ಮೊದಲಾದ ಹನ್ನೆರಡು ಧಾನ್ಯಗಳನ್ನು ಬೇಡಿಕೊಳ್ಳುತ್ತಾನೆ. ಆ ಪಟ್ಟಿಯಲ್ಲಿ ಗೋಧೂಮದ ಮಗ್ಗುಲಿಗೇ ಮಸೂರವು ನಿಂತಿದೆ. ಐವತ್ತು ವರುಷ ಬಾಯಿಂದ ಕರೆದು ಬೇಡಿದ ಧಾನ್ಯವನ್ನು ನಾನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದ್ದೆನು! ಮಂತ್ರವನ್ನು ಬಾಯಿಪಾಠ ಮಾಡುವುದಕ್ಕೂ ಅರ್ಥವನ್ನು ಒಪ್ಪಿಕೊಳ್ಳುವುದಕ್ಕೂ ಇರುವ ಅಂತರವನ್ನು ಅಂದು ಚೆನ್ನಾಗಿ ಕಂಡೆನು.

ಗೋಧಿಯ ಸಂಬಂಧವು ಇನ್ನೂ ಹತ್ತಿರದ್ದು. ಬೆಳಗಾಂವಿ, ಬಾಗಲಕೋಟೆ, ವಿಜಾಪುರ, ಧಾರವಾಡದ ಕಡೆಗಳಲ್ಲಿ ಬೆಳೆಯುವ ಸದಕ ಅಥವಾ ಜವೆ ಗೋಧಿಯನ್ನು ವಾಚಕರು ಬಲ್ಲರು. ನಮ್ಮ ಹುಗ್ಗಿಗೆ ಅದರಂಥ ಗೋಧಿ ಬೇರೆಯಿಲ್ಲ. ಈ ಜಾತಿಯ ಗೋಧಿಯ ಮೂಲವಾದ ಕಾಡುಹುಲ್ಲನ್ನು ಕೊಟ್ಶಿ ಎಂಬ ಸಸ್ಯಶಾಸ್ತ್ರಜ್ಞನು ೧೮೫೫ರಲ್ಲಿ ಲೆಬನಾನಿನ ಹರ್ಮೋನ್ ಪರ್ವತದ ತಪ್ಪಲಿನ ರಾಶಯ್ಯಾ ಎಂಬ ಊರಿನ ಬಳಿ ಕಾಡುಜವೆಯೊಂದಿಗೆ ಕಿತ್ತು ತಂದಿದ್ದನು. ಹದಿನೆಂಟು ವರುಷ ಅದು ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದು, ೧೮೭೩ರಲ್ಲಿ ಕರ್ನಿಕೆ ಎಂಬ ಜರ್ಮನ್ ವಿದ್ವಾಂಸನು ಅದು ಕಾಡುಗೋಧಿಯೆಂದು ಗುರುತಿಸಿದನು. ೧೯೦೬ರಲ್ಲಿ ಆರನ್ಸನ್ ಎಂಬವನು ಗಲಿಲಾಯದ ಬೆಟ್ಟಗಳಲ್ಲಿ ಅದು ತಾನಾಗಿ ಬೆಳೆದು ನಿಂತಿರುವುದನ್ನು ಕಂಡನು. ಹೀಗೆ ಹುಗ್ಗಿಯ ಗೋಧಿಯ ಪೂರ್ವಜನು ಆ ತಾಯಿಯ ನಾಡಿನ ಬೆಟ್ಟದವನು. ಎಷ್ಟು ಸಾವಿರ ವರುಷಗಳ ಹಿಂದೆ, ಯಾರ ಉಡಿಯಲ್ಲಿ, ಯಾವ ದಾರಿಯಿಂದ ಅದು ನಮ್ಮ ಎರೆಭೂಮಿಗೆ ಬಂದಿತೋ, ಅಂತೂ ಬಂದು ನಮ್ಮದಾಯಿತು.

ಬುರ್ಗುಲ್ ಮತ್ತು ವರುಷದ ದಾಸ್ತಾನು

ಬುರ್ಗುಲ್ ಎಂದರೆ ಬರಿಯ ಗೋಧಿನುಚ್ಚಲ್ಲ. ಗೋಧಿಯನ್ನು ಮೊದಲು ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಬಳಿಕ ಒಡೆದ ನುಚ್ಚು. ನಮ್ಮ ಕರಾವಳಿಯಲ್ಲಿ ಬತ್ತವನ್ನು ಕುದಿಸಿ ಒಣಗಿಸಿ ಕುಟ್ಟಿ ಕುಸುಬಲಕ್ಕಿ ಮಾಡುವ ಕ್ರಮವನ್ನು ಬಲ್ಲವರಿಗೆ ಇದರ ಮರ್ಮವು ಕೂಡಲೆ ಹೊಳೆಯುವುದು. ಒಮ್ಮೆ ಕುದಿದು ಒಣಗಿದ ಕಾಳು ಕಲ್ಲಿನಂತೆ ಗಟ್ಟಿಯಾಗುತ್ತದೆ, ಹುಳುವಿಗೆ ಸುಲಭವಾಗಿ ಬಗ್ಗುವುದಿಲ್ಲ, ತಿಂಗಳುಗಟ್ಟಲೆ ಕೆಡದು, ಬೇಕಾದಾಗ ಸ್ವಲ್ಪ ಸೌದೆಯಲ್ಲಿ ಬೇಗ ಬೇಯುವುದು.

ಬೇಸಗೆಯ ಸುಗ್ಗಿ ಮುಗಿದ ಮೇಲೆ ಲೆಬನಾನಿನ ಹಳ್ಳಿಗಳಲ್ಲಿ ಅಂಗಳಕ್ಕೆ ದೊಡ್ಡ ಹಂಡೆಗಳನ್ನು ಹೂಡಿ ಗೋಧಿಯನ್ನು ಕುದಿಸುವುದು ರೂಢಿ. ನೆರೆಹೊರೆಯವರೆಲ್ಲ ಕೂಡುತ್ತಾರೆ. ಬೆಂದ ಬಿಸಿ ಗೋಧಿಗೆ ಸಕ್ಕರೆ ಬೆರೆಸಿ ಮಕ್ಕಳಿಗೆ ಬಟ್ಟಲಲ್ಲಿ ಕೊಡುತ್ತಾರೆ. ಉಳಿದುದನ್ನು ಮಾಳಿಗೆಯ ಮೇಲೆ ಹರವಿ, ಒಣಗಿದ ಬಳಿಕ ಒಡೆಸಿ, ದಪ್ಪ ನುಚ್ಚು, ಸಣ್ಣ ನುಚ್ಚು ಎಂದು ಬೇರೆಮಾಡಿ ಜಾಡಿಗಳಲ್ಲಿ ತುಂಬುತ್ತಾರೆ. ಹೀಗೆ ಚಳಿಗಾಲಕ್ಕೆಂದು ಕೂಡಿಡುವ ಧಾನ್ಯ, ಕಾಳು, ಎಣ್ಣೆ, ಒಣಗಿಸಿದ ಕಾಯಿಪಲ್ಯಗಳಿಗೆಲ್ಲ 'ಮೂನೆ' ಎಂದು ಹೆಸರು. ನಮ್ಮ ಹಗೇವು, ಕಣಜ, ಹಪ್ಪಳ, ಸಂಡಿಗೆಗಳ ವ್ಯವಸ್ಥೆಯೂ ಇದೇ ಅಲ್ಲವೇ?

ಕೂಡಿಡುವ ಬುದ್ಧಿಯನ್ನು ಆ ನಾಡಿಗೆ ಕಲಿಸಿದುದು ಹಸಿವು. ೧೯೧೫ರಲ್ಲಿ ಮಿಡತೆಗಳ ದಂಡು ಬಂದು ಹಸುರನ್ನೆಲ್ಲ ತಿಂದಿತು. ಮೊದಲನೆಯ ಮಹಾಯುದ್ಧದ ಕಾಲವಾದುದರಿಂದ ಸಮುದ್ರದಲ್ಲಿ ಮಿತ್ರರಾಷ್ಟ್ರಗಳ ನೌಕೆಗಳ ದಿಗ್ಬಂಧನವಿತ್ತು. ನೆಲದ ಮೇಲೆ ತುರ್ಕಿಯ ಸೇನೆಗೆಂದು ಧಾನ್ಯವನ್ನು ವಶಪಡಿಸಿಕೊಳ್ಳುತ್ತಿದ್ದರು. ೧೯೧೮ರ ವರೆಗೆ ನಡೆದ ಆ ಕ್ಷಾಮದಲ್ಲಿ ಲೆಬನಾನ್ ಪರ್ವತಪ್ರಾಂತದಲ್ಲಿ ಸುಮಾರು ಎರಡು ಲಕ್ಷ ಜನರು ಮಡಿದರೆಂದು ಅಂದಾಜು. ನಮ್ಮ ಕಾಲದಲ್ಲಿಯೂ ೨೦೨೦ರ ಆಗಸ್ಟ್ ೪ರಂದು ಬೈರೂತ್ ಬಂದರಿನಲ್ಲಿ ಆದ ಸ್ಫೋಟವು ಇನ್ನೂರಕ್ಕಿಂತ ಹೆಚ್ಚು ಜನರನ್ನು ಕೊಂದುದಲ್ಲದೆ, ದೇಶದ ದೊಡ್ಡ ಧಾನ್ಯದ ಉಗ್ರಾಣವನ್ನೂ ಹಾಳುಮಾಡಿತು.

ಆ ತಾಯಿಯ ಸಂಗತಿಯೂ ಇದರಲ್ಲಿ ಸೇರಿದ್ದು. ೨೦೨೪ರ ಬೇಸಗೆಯಲ್ಲಿ ಅವರು ಎಂದಿನಂತೆ ಬುರ್ಗುಲ್ ಮಾಡಿ ಎರಡು ದೊಡ್ಡ ಜಾಡಿಗಳಲ್ಲಿ ತುಂಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಯುದ್ಧವು ಉಲ್ಬಣಿಸಿತು. ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟರು. ನವೆಂಬರ್ ೨೭ಕ್ಕೆ ಕದನವಿರಾಮವಾದ ಮೇಲೆ ಬಂಧುಗಳೊಬ್ಬರು ಹೋಗಿ ನೋಡಿದಾಗ ಮನೆಯ ಒಂದು ಪಾರ್ಶ್ವವು ಬಿದ್ದಿತ್ತು. ಉಗ್ರಾಣದ ಕೋಣೆಯು ಆ ಪಾರ್ಶ್ವದಲ್ಲಿಯೇ ಇದ್ದಿತು. ಅವರು ಮನೆಗಾಗಿ ಅತ್ತುದನ್ನು ನಾನು ಕಾಣಲಿಲ್ಲ. ಆದರೆ ಅಂಗಡಿಯಿಂದ ತಂದ ಬುರ್ಗುಲನ್ನು ಮೊರದಲ್ಲಿ ಹರವಿದಂತೆ ತಟ್ಟೆಯಲ್ಲಿ ಹರವಿ, ಬೆರಳಿನಿಂದ ಕದಡಿ, "ಇದು ಯಾರ ಬಿಸಿಲಿನಲ್ಲಿ ಒಣಗಿತೋ" ಎಂದು ಹೇಳಿದಾಗ ನನ್ನ ಪತ್ನಿ ಅವರ ಕೈಯನ್ನು ಹಿಡಿದುಕೊಂಡಳು. ಆ ಇಬ್ಬರಿಗೂ ಒಬ್ಬರ ಭಾಷೆ ಮತ್ತೊಬ್ಬರಿಗೆ ಬಾರದು.

ನನ್ನ ಸೋಲು

ಊರಿಗೆ ಮರಳಿದ ಮೇಲೆ ಈ ಅಡಿಗೆಯನ್ನು ನಾನೇ ಮಾಡುವೆನೆಂದು ಪತ್ನಿಗೆ ಹೇಳಿದೆನು. ಮೂರೂವರೆ ದಶಕಗಳ ಸಂಸಾರದಲ್ಲಿ ನಾನು ಒಲೆಯ ಮುಂದೆ ನಿಂತುದು ಚಹಾದ ನೀರಿಗೆ ಮಾತ್ರ. ಅಂಗಡಿಯ ಗೋಧಿನುಚ್ಚನ್ನು ತಂದು, ಮಸೂರದೊಡನೆ ಕುಕ್ಕರಿಗೆ ಹಾಕಿ, ನಾಲ್ಕು ಸಲ ಕೂಗಿಸಿ ಇಳಿಸಿದೆನು. ಮುಚ್ಚಳ ತೆಗೆದ ಪತ್ನಿಯು ಸೌಟಿನಿಂದ ಒಮ್ಮೆ ತಿರುವಿ, "ಇದು ಗಂಜಿ ಆತಲ್ರೀ. ಉಣಬಹುದು, ಆದ್ರ ಆ ಅಮ್ಮಾ ತಂದದ್ದು ಇದಲ್ಲ" ಎಂದಳು.

ತಪ್ಪು ಎರಡು. ಅಂಗಡಿಯ ನುಚ್ಚು ಹಸಿಯ ಗೋಧಿಯದು. ಅದರ ಹಿಟ್ಟಿನಂಶವು ನೀರಿಗೆ ಬಿಟ್ಟುಕೊಂಡು ಅಂಟಾಗುತ್ತದೆ. ಬುರ್ಗುಲಿನಲ್ಲಿ ಆ ಅಂಶವು ಮೊದಲೇ ಬೆಂದು ಒಣಗಿ ಬಿಗಿದುಕೊಂಡಿರುವುದರಿಂದ ಕಾಳು ಬಿಡಿಬಿಡಿಯಾಗಿ ಅರಳುವುದು. ಎರಡನೆಯ ತಪ್ಪು, ಕುಕ್ಕರು. ಈ ಅಡಿಗೆಯಲ್ಲಿ ಮಸೂರವು ಬೇಯಬೇಕು, ಒಡೆಯಬಾರದು. ಅದನ್ನು ಕಣ್ಣಿನಿಂದ ನೋಡುತ್ತಲೇ ಬೇಯಿಸಬೇಕು.

ಮನೆಯಲ್ಲಿ ಬುರ್ಗುಲ್ ಮಾಡುವ ಕ್ರಮ

ದೊಡ್ಡ ನಗರಗಳಲ್ಲಿ ಬುರ್ಗುಲ್ ಸಿದ್ಧವಾಗಿಯೇ ದೊರೆಯುತ್ತದೆ. ದಪ್ಪ ನುಚ್ಚನ್ನು ಕೇಳಿ ತರತಕ್ಕದ್ದು. ದೊರೆಯದವರು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಗಟ್ಟಿಜಾತಿಯ ಬನ್ಸಿ ಗೋಧಿ ಇದಕ್ಕೆ ಉತ್ತಮ. ಸಿಪ್ಪೆ ತೆಗೆದ ಸದಕವೂ ಆಗುವುದು.

೧ ಕಿಲೋ ಗೋಧಿಯನ್ನು ಕಲ್ಲು ಕಸ ತೆಗೆದು ಮೂರು ನೀರಿನಲ್ಲಿ ತೊಳೆದು, ಮೂರು ಪಟ್ಟು ನೀರಿನಲ್ಲಿ ಕುದಿಸಬೇಕು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಕಾಳು ಉಬ್ಬುವುದು. ಒಂದನ್ನು ಎರಡಾಗಿ ಕಡಿದು ನೋಡಿದರೆ ನಡುವೆ ಬಿಳಿಯ ಹಸಿಹಿಟ್ಟು ಕಾಣಬಾರದು. ಆದರೆ ಸಿಪ್ಪೆ ಒಡೆದಿರಲೂ ಬಾರದು. ಬಸಿದು, ಶುಭ್ರವಾದ ಬಟ್ಟೆಯ ಮೇಲೆ ತೆಳುವಾಗಿ ಹರವಿ, ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಬೇಕು. ದಿನಕ್ಕೆ ಮೂರು ನಾಲ್ಕು ಸಲ ಕೈಯಾಡಿಸದಿದ್ದರೆ ಬೂಷ್ಟು ಹಿಡಿಯುವುದುಂಟು; ಆದುದರಿಂದ ಮೋಡವಿರುವ ದಿನಗಳಲ್ಲಿ ಇದಕ್ಕೆ ಕೈಹಾಕಬಾರದು. ಹಲ್ಲಿನಲ್ಲಿ ಕಡಿದರೆ ಕಟಕ್ಕೆಂದು ಒಡೆಯುವಂತಾದಾಗ ಒಣಗಿತೆಂದು ತಿಳಿಯಬೇಕು. ಆಮೇಲೆ ಸ್ವಲ್ಪ ನೀರು ಚಿಮುಕಿಸಿ ಅಂಗೈಯಿಂದ ತಿಕ್ಕಿದರೆ ಮೇಲಿನ ಸಿಪ್ಪೆ ಸ್ವಲ್ಪಮಟ್ಟಿಗೆ ಬಿಡುವುದು. ಮತ್ತೆ ಒಣಗಿಸಿ, ಕೇರಿ, ಬೀಸುವ ಕಲ್ಲಿನಲ್ಲಿ ಬಿಗಿಯಿಲ್ಲದೆ ಒಡೆಯತಕ್ಕದ್ದು. ಕಲ್ಲಿಲ್ಲದವರು ಮಿಕ್ಸಿಯಲ್ಲಿ ತಡೆತಡೆದು ತಿರುಗಿಸಬಹುದು. ಜರಡಿ ಹಿಡಿದರೆ ದಪ್ಪ ನುಚ್ಚು, ಸಣ್ಣ ನುಚ್ಚು, ಹಿಟ್ಟು ಎಂದು ಮೂರಾಗುವುದು. ಮುಜದ್ದರಕ್ಕೆ ಬೇಕಾದುದು ದಪ್ಪ ನುಚ್ಚು. ಸಣ್ಣದನ್ನು ಉಪ್ಪಿಟ್ಟಿಗೂ ಹಿಟ್ಟನ್ನು ರೊಟ್ಟಿಗೂ ಉಪಯೋಗಿಸಬಹುದು. ವ್ಯರ್ಥವಾಗುವುದು ಏನೂ ಇಲ್ಲ.

ಮುಜದ್ದರದ ಪಾಕವಿಧಾನ

ನಾಲ್ಕು ಜನರಿಗೆ ಬೇಕಾದ ಸಾಮಗ್ರಿ: ಸಿಪ್ಪೆಸಹಿತವಾದ ಇಡಿಯ ಮಸೂರ ೨೦೦ ಗ್ರಾಂ, ದಪ್ಪ ಬುರ್ಗುಲ್ ೨೦೦ ಗ್ರಾಂ, ದೊಡ್ಡ ಉಳ್ಳಾಗಡ್ಡಿ ನಾಲ್ಕು, ಎಣ್ಣೆ ೧೦೦ ಮಿಲಿ, ನೀರು ಸುಮಾರು ಒಂದೂಕಾಲು ಲೀಟರು, ರುಚಿಗೆ ಉಪ್ಪು, ಜೀರಿಗೆಪುಡಿ ಅರ್ಧ ಚಮಚ. ಬೇಳೆಯಾಗಿ ಒಡೆದ ಕೆಂಪು ಮಸೂರವು ಇಲ್ಲಿ ಸಲ್ಲದು. ಅದು ಕರಗಿ ಸಾರಾಗುವುದು. ಲೆಬನಾನಿನವರು ಆಲಿವ್ ಎಣ್ಣೆಯನ್ನೇ ಬಳಸುವರು. ಅದು ನಮ್ಮಲ್ಲಿ ದುಬಾರಿಯಾದುದರಿಂದ ನಾನು ಶೇಂಗಾ ಎಣ್ಣೆಯಲ್ಲಿ ಮಾಡುತ್ತೇನೆ. ಕುಸುಬೆ ಎಣ್ಣೆಯೂ ಒಳ್ಳೆಯದು.

ಮಸೂರವನ್ನು ಆರಿಸಿ ತೊಳೆದಿಟ್ಟುಕೊಳ್ಳಬೇಕು. ಮೂರು ಉಳ್ಳಾಗಡ್ಡಿಗಳನ್ನು ಸಣ್ಣಗೆ ಹೆಚ್ಚಬೇಕು. ನಾಲ್ಕನೆಯದನ್ನು ತೆಳ್ಳಗೆ ಉದ್ದುದ್ದವಾಗಿ ಸೀಳಬೇಕು. ದಪ್ಪತಳದ ಪಾತ್ರೆಯಲ್ಲಿ ಎಣ್ಣೆಯನ್ನು ಕಾಯಿಸಿ, ಮೊದಲು ಉದ್ದ ಸೀಳಿದುದನ್ನು ಗರಿಗರಿಯಾಗಿ ಕರಿದು ತೆಗೆದಿಟ್ಟುಕೊಳ್ಳತಕ್ಕದ್ದು. ಬಳಿಕ ಅದೇ ಎಣ್ಣೆಗೆ ಸಣ್ಣಗೆ ಹೆಚ್ಚಿದುದನ್ನು ಹಾಕಿ, ನಡುವುರಿಯಲ್ಲಿ ಹುರಿಯಬೇಕು.

ಈ ಅಡಿಗೆಯ ಸಾರವೆಲ್ಲ ಈ ಹುರಿಯುವುದರಲ್ಲಿಯೇ ಇದೆ. ನಾವು ಪಲ್ಯಕ್ಕೆ ಹುರಿಯುವಂತೆ ಐದು ನಿಮಿಷ ಹುರಿದರೆ ಸಾಲದು. ಇಪ್ಪತ್ತೈದರಿಂದ ಮೂವತ್ತು ನಿಮಿಷ ಬೇಕು. ಉಳ್ಳಾಗಡ್ಡಿಯು ಮೊದಲು ಬಾಡುವುದು, ಆಮೇಲೆ ಹೊಂಬಣ್ಣವಾಗುವುದು, ಬಳಿಕ ಬೆಲ್ಲದ ಬಣ್ಣ, ಕಟ್ಟಕಡೆಗೆ ಹಳೆಯ ಹುಣಿಸೆಯ ಬಣ್ಣ. ಅಲ್ಲಿ ನಿಲ್ಲಿಸಬೇಕು. ಒಂದು ಹೆಜ್ಜೆ ಮುಂದೆ ಹೋದರೆ ಕಪ್ಪಾಗಿ ಕಹಿಯಾಗುವುದು. ಒಂದು ಹೆಜ್ಜೆ ಹಿಂದೆ ನಿಂತರೆ ಮುಜದ್ದರವು ಬಣ್ಣವೂ ರುಚಿಯೂ ಇಲ್ಲದ ಸಾಮಾನ್ಯ ನುಚ್ಚಾಗುವುದು. ಕೊನೆಯ ಹತ್ತು ನಿಮಿಷ ಕೈಯನ್ನೂ ಕಣ್ಣನ್ನೂ ಪಾತ್ರೆಯಿಂದ ತೆಗೆಯಕೂಡದು. ದೂರವಾಣಿ ಕೂಗಿದರೂ ಹೋಗಕೂಡದು; ಹೋಗಿ ಕೆಡಿಸಿಕೊಂಡವನ ಮಾತಿದು.

ಬಣ್ಣ ಬಂದೊಡನೆ ಪಾತ್ರೆಯನ್ನು ಕೆಳಗಿಳಿಸಿ, ಎಚ್ಚರಿಕೆಯಿಂದ ಸುಮಾರು ಅರ್ಧ ಲೀಟರು ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಾದ ಎಣ್ಣೆ ಸಿಡಿಯುವುದರಿಂದ ಮಕ್ಕಳು ಹತ್ತಿರವಿರಬಾರದು. ಮತ್ತೆ ಒಲೆಗೇರಿಸಿ ಐದು ನಿಮಿಷ ಕುದಿಸಿದರೆ ನೀರು ಕೆಂಪಗಾಗಿ ಉಳ್ಳಾಗಡ್ಡಿ ಬಹುಮಟ್ಟಿಗೆ ಕರಗಿಹೋಗುವುದು. ಅದಕ್ಕೆ ಮಸೂರವನ್ನೂ ಉಳಿದ ನೀರನ್ನೂ ಸೇರಿಸಿ, ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸತಕ್ಕದ್ದು. ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಮೆತ್ತಗಿರಬೇಕು. ಪಾತ್ರೆಯಲ್ಲಿ ಇಡಿಯಾಗಿಯೇ ಇರಬೇಕು. ಆಗ ತೊಳೆದ ಬುರ್ಗುಲ್, ಉಪ್ಪು, ಜೀರಿಗೆಪುಡಿಗಳನ್ನು ಹಾಕಬೇಕು. ಧಾನ್ಯದ ಮೇಲೆ ಒಂದು ಬೆರಳಿನ ಅಗಲದಷ್ಟು ನೀರು ನಿಂತಿರಬೇಕು. ಕಡಮೆಯಾದರೆ ಬಿಸಿನೀರನ್ನು ಸೇರಿಸಬಹುದು. ಮುಚ್ಚಳವಿಟ್ಟು ಸಣ್ಣ ಉರಿಯಲ್ಲಿ ಹದಿನೈದು ನಿಮಿಷ. ನೀರು ಇಂಗಿದ ಮೇಲೆ ಒಲೆಯಾರಿಸಿ, ಮುಚ್ಚಳದಡಿಯಲ್ಲಿ ಒಂದು ಒಣಬಟ್ಟೆಯನ್ನು ಹಾಸಿ, ಮತ್ತೆ ಹದಿನೈದು ನಿಮಿಷ ಮುಟ್ಟದೆ ಬಿಡಬೇಕು. ಬಳಿಕ ಹಗುರವಾಗಿ ಬಿಡಿಸಿ, ಕರಿದಿಟ್ಟ ಉಳ್ಳಾಗಡ್ಡಿಯನ್ನು ಮೇಲೆ ಹರಡಿ ಬಡಿಸತಕ್ಕದ್ದು.

ಇದನ್ನು ಹಸಿಯ ಕಾಯಿಪಲ್ಯವಿಲ್ಲದೆ ಉಣ್ಣಬಾರದು. ಕಾಲು ಕಿಲೋ ಎಲೆಕೋಸನ್ನು ಕೂದಲಿನಂತೆ ಸಣ್ಣಗೆ ಹೆಚ್ಚಿ, ಒಂದು ಟೊಮೇಟೊ ಸೇರಿಸಿ, ಉಪ್ಪಿನೊಡನೆ ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ, ಎರಡು ಚಮಚ ನಿಂಬೆಯ ರಸ, ಒಂದು ಚಮಚ ಎಣ್ಣೆ, ಒಣಗಿಸಿ ಪುಡಿಮಾಡಿದ ಸ್ವಲ್ಪ ಪುದೀನ ಹಾಕಿ ಕಲಸಬೇಕು. ನಮ್ಮ ಕೋಸಂಬರಿಗೆ ಇದು ಹತ್ತಿರದ ಬಂಧು. ಮೂಲಂಗಿ, ಎಳೆಯ ಉಳ್ಳಾಗಡ್ಡಿಸೊಪ್ಪುಗಳೂ ಹೊಂದುವುವು. ವ್ರತವಿಲ್ಲದ ದಿನಗಳಲ್ಲಿ ಅಲ್ಲಿಯವರು ಗಟ್ಟಿಮೊಸರನ್ನೂ ಇಟ್ಟುಕೊಳ್ಳುವುದುಂಟು. ಮುಜದ್ದರವು ಬಿಸಿಯಾಗಿಯೂ ಆರಿದ ಮೇಲೆಯೂ ರುಚಿಯೇ. ಉಳ್ಳಾಗಡ್ಡಿಯನ್ನು ವರ್ಜಿಸಿದ ಮನೆಗಳವರಿಗೆ ಮಾತ್ರ ನಾನು ಇದನ್ನು ಹೇಳಲಾರೆ. ಅದನ್ನು ತೆಗೆದರೆ ಇದು ಮುಜದ್ದರವಾಗಿ ಉಳಿಯದು.

ಇದರ ಗುಣವನ್ನು ಕುರಿತು ಎರಡು ಮಾತು. ಗೋಧಿಯ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶವು ಕಡಮೆ. ಮಸೂರದಲ್ಲಿ ಅದು ಹೇರಳ. ಮಸೂರದಲ್ಲಿ ಕೊರತೆಯಾಗಿರುವ ಮೆಥಿಯೊನಿನ್ ಎಂಬುದು ಗೋಧಿಯಲ್ಲಿ ಹೆಚ್ಚು. ಒಂದರ ಕೊರತೆಯನ್ನು ಮತ್ತೊಂದು ತುಂಬಿಕೊಡುವುದರಿಂದ ಮಾಂಸವನ್ನು ತಿನ್ನದವರಿಗೂ ಕೊಳ್ಳಲಾರದವರಿಗೂ ಇದು ಪುಷ್ಟಿಯಾದ ಊಟ. ಹಳ್ಳಿಯ ಬಡವರು ಈ ಹೆಸರುಗಳನ್ನು ತಿಳಿಯದೆಯೇ ಸಾವಿರಾರು ವರುಷ ಈ ಜೋಡಿಯನ್ನು ಉಂಡು ಬದುಕಿದರು.

ಎರಡನೆಯ ಸಲ ನಾನು ಮಾಡಿದ ಮುಜದ್ದರವು ಗಂಜಿಯಾಗಲಿಲ್ಲ. ಬುರ್ಗುಲನ್ನು ನಾವೇ ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿದ್ದೆವು. ಬೀಸಿದುದು ನನ್ನ ತಾಯಿಯ ಕಲ್ಲಿನಲ್ಲಿ. ಆ ಕಲ್ಲು ಹಿತ್ತಲಲ್ಲಿ ಬಹಳ ವರುಷಗಳಿಂದ ಬಿದ್ದಿದ್ದಿತು. ಬಡಿಸುವ ಮುಂಚೆ ಪತ್ನಿಯು ದೇವರಿಗೆ ತೋರಿಸಿ, ಗೋಡೆಯ ಮೇಲಿನ ತಾಯಿಯ ಪಟದ ಕಡೆಗೆ ಒಮ್ಮೆ ನೋಡಿ, "ಅತ್ತಿ ಬೈಯೂದಿಲ್ಲ ಬಿಡ್ರಿ" ಎಂದಳು. ಆ ಪಟವನ್ನು ತೆಗೆದವನು ಮುಖದ ಕಲೆಗಳು ಕಾಣದಂತೆ ತಿದ್ದಿ ಕೊಟ್ಟಿದ್ದನು. ತಿದ್ದದ ಮತ್ತೊಂದು ಪಟವು ಪೆಟ್ಟಿಗೆಯಲ್ಲಿದೆ. ಅದನ್ನು ಹುಡುಕಿ ತೆಗೆದು ಕಟ್ಟು ಹಾಕಿಸಬೇಕೆಂದು ಆ ದಿನ ನಿಶ್ಚಯಿಸಿದೆವು. ಈಗ ಗೋಡೆಯ ಮೇಲಿರುವುದು ಅದೇ.

ಒಡೆದು ಉಳಿದ ಬುರ್ಗುಲಿನಲ್ಲಿ ಒಂದು ಸೇರನ್ನು ಬಿಳಿಯ ಚೀಲದಲ್ಲಿ ಹೊಲಿದು ಮಗನ ಕೈಯಲ್ಲಿ ಶಾರ್ಜಾಕ್ಕೆ ಕಳುಹಿಸಿದೆವು. ಯಾರ ಬಿಸಿಲಿನಲ್ಲಿ ಒಣಗಿತೆಂದು ಆ ತಾಯಿಯು ಕೇಳಿದರೆ ಹೇಳಲೆಂದು ನಮ್ಮ ಊರಿನ ಹೆಸರನ್ನು ಚೀಲದ ಮೇಲೆ ಬರೆದಿದ್ದೇನೆ.